ಅತ್ತೆ ಹುರಿದ ಬಾರ್ಲಿ

2023ರ ಸಂಕ್ರಾಂತಿ ಕಳೆದ ಮೇಲಿನ ಮಾತಿದು. ಬೆಳಗಿನ ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಆ ದಿನಗಳಲ್ಲಿ ನನಗೆ ಮನೆಯಲ್ಲೇ ಬೀರು ಮಾಡುವ ಹುಚ್ಚು ಹಿಡಿದಿತ್ತು.

ಕುಡಿಯುವ ಹುಚ್ಚು ಎಂದು ಯಾರೂ ತಿಳಿಯಬಾರದು. ಸ್ನೇಹಿತರ ಮನೆಯ ಮದುವೆ ಗಿದುವೆ ಎಂದಾಗ ಒಂದು ಲೋಟ ಕುಡಿದರೆ ಹೆಚ್ಚು, ವರ್ಷವಿಡೀ ಅಷ್ಟೇ. ನನ್ನ ಚಟ ಬೇರೆ. ಒಂದು ವಸ್ತು ನಮ್ಮ ಕಣ್ಣೆದುರಿಗೇ ಇನ್ನೊಂದಾಗುವುದನ್ನು ನೋಡುವುದೆಂದರೆ ನನಗೆ ಆಸೆ. ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ ನನ್ನದು. ಬೆಳಿಗ್ಗೆ ಸಂಜೆ ಹಾಲು ನೋಡಿ ನೋಡಿ, ಅದನ್ನು ಪನೀರ್ ಮಾಡಿದೆ, ಖೋವಾ ಮಾಡಿದೆ, ಒಂದು ಸಲ ನೇರಳೆ ಹಣ್ಣಿನ ವೈನ್ ಮಾಡಲು ಹೋಗಿ ಒಳ್ಳೆಯ ವಿನಿಗರ್ ಮಾಡಿದೆ. ಅದೇ ಹೊತ್ತಿಗೆ ಫೋನಿನಲ್ಲಿ ಯಾರೋ ಒಬ್ಬ ಕಾಳಿನಿಂದಲೇ ಬೀರು ಮಾಡುವ ವಿಡಿಯೋ ನೋಡಿದೆ. ಡಬ್ಬಿಯಲ್ಲಿ ಬರುವ ಮಾಲ್ಟ್ ಪಾಕವನ್ನು ನೀರಿಗೆ ಕಲಸಿ ಮಾಡುವ ಸುಲಭದ ದಾರಿಯೂ ಇದೆಯಂತೆ. ನನಗೆ ಅದು ಬೇಡವಾಗಿತ್ತು. ಕಾಳು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬಿಸಿನೀರಿನಲ್ಲಿ ಸಿಹಿ ಬರಿಸಿ, ಮೊದಲಿನಿಂದ ಕೊನೆಯವರೆಗೆ ನಾನೇ ಮಾಡಬೇಕು ಎಂದು ಮನಸ್ಸಾಯಿತು. ಐದೇ ಲೀಟರು, ಅದೂ ಮನೆಮಟ್ಟಿಗೆ.

ಇಲ್ಲಿ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ನಾನು ಮನೆ ಅಳಿಯ. ಹುಟ್ಟಿ ಬೆಳೆದದ್ದು ಶೆಟ್ಟಿಕೆರೆಯಲ್ಲಿ. ನನ್ನ ಹೆಂಡತಿ ವೇದಾ ಒಬ್ಬಳೇ ಮಗಳು, ಅವಳ ತಂದೆ ನಮ್ಮ ಮದುವೆಗೆ ಮೊದಲೇ ತೀರಿಕೊಂಡಿದ್ದರು. ತೋಟ, ಹಸು, ಅಟ್ಟದ ತುಂಬ ಕೊಬ್ಬರಿಗೆಂದು ಇಟ್ಟ ಕಾಯಿ, ಇವನ್ನೆಲ್ಲ ನೋಡಿಕೊಳ್ಳಲು ಒಂದು ಗಂಡುದಿಕ್ಕು ಬೇಕೆಂದು ನೆಂಟರೆಲ್ಲ ಸೇರಿ ನನ್ನನ್ನು ತಿಪಟೂರಿನ ಪಕ್ಕದ ಈ ಹಳ್ಳಿಗೆ ತಂದು ಬಿಟ್ಟರು. ನೋಡಿಕೊಳ್ಳಲು ನನ್ನ ಅಗತ್ಯ ಏನೂ ಇಲ್ಲ ಎಂದು ಬಂದ ವಾರದಲ್ಲೇ ತಿಳಿಯಿತು. ಕಾಯಿ ಕೆಡವಿಸುವುದರಿಂದ ಹಿಡಿದು ಕೊಬ್ಬರಿ ಸುಲಿಸಿ ತಿಪಟೂರಿಗೆ ಕಳಿಸುವವರೆಗೆ ಎಲ್ಲವನ್ನೂ ಅತ್ತೆ ಗಿರಿಜಮ್ಮ ಒಬ್ಬರೇ ನಿಭಾಯಿಸುತ್ತಿದ್ದರು. ನಾನು ಸುಮ್ಮನೆ ಡೈರಿ ಕೆಲಸ ಹಿಡಿದೆ.

ಅತ್ತೆ ನನ್ನೊಡನೆ ಮಾತಾಡುತ್ತಿರಲಿಲ್ಲ. ಜಗಳವೇನಲ್ಲ. ಅತ್ತೆಯಾದವಳು ಅಳಿಯನ ಮುಖ ನೋಡಿ ಮಾತಾಡಬಾರದು ಎಂಬ ಹಳೆಯ ಮರ್ಯಾದೆ ನಮ್ಮ ಕಡೆ ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಬೇರೆ ಊರಿನಲ್ಲಿರುವ ಅಳಿಯನಿಗಾದರೆ ಸರಿ, ಹಬ್ಬಕ್ಕೆ ಬಂದು ಎರಡು ದಿನ ಇದ್ದು ಹೋಗುತ್ತಾನೆ. ಒಂದೇ ಸೂರಿನಡಿ ಇರುವವರಿಗೆ ಅದು ಫಜೀತಿ. ಅತ್ತೆ ನನಗೆ ಹೇಳಬೇಕಾದದ್ದನ್ನೆಲ್ಲ ವೇದಾಗೆ ಹೇಳುತ್ತಿದ್ದರು. ನಾನು ಪಕ್ಕದಲ್ಲೇ ಕೂತಿದ್ದರೂ, "ಅವ್ರಿಗೆ ಕಾಫಿ ಆಗೈತೆ ಅನ್ನು" ಎನ್ನುವರು. ವೇದಾ ಮನೆಯಲ್ಲಿ ಇಲ್ಲದಿದ್ದರೆ ಕೊಟ್ಟಿಗೆಯಲ್ಲಿದ್ದ ನಮ್ಮ ಹಸು ಗೌರಿಗೆ ಹೇಳುವರು. "ಮೋಡ ಹಾಕೈತೆ ಕಣವ್ವ ಗೌರಿ, ಒಣಗಾಕಿರೋ ಬಟ್ಟೆ ಯಾರಾರ ತೆಗೀಬೋದಿತ್ತು" ಎಂದು ಗಟ್ಟಿಯಾಗಿ ಅಂದರೆ ನಾನು ಎದ್ದು ಹೋಗಿ ಬಟ್ಟೆ ತೆಗೆಯಬೇಕು. ಮನೆಯ ಅರ್ಧ ಸುದ್ದಿ ನನಗೆ ತಲುಪುತ್ತಿದ್ದದ್ದು ಗೌರಿಯ ಮೂಲಕವೇ.

ನಾನೂ ಹಾಗೇ ನಡೆದುಕೊಂಡೆ. ಅವರು ಮಾತಾಡದಿದ್ದ ಮೇಲೆ ನಾನು ಮೇಲೆ ಬಿದ್ದು ಮಾತಾಡುವುದು ಸರಿಯಲ್ಲ ಅಂದುಕೊಂಡೆ. ಹತ್ತು ವರ್ಷದ ಮೇಲಾಗಿತ್ತು, ಒಂದು ದಿನವೂ ನಾನು ಅವರನ್ನು "ಅತ್ತೆ" ಎಂದು ನೇರವಾಗಿ ಕರೆದಿರಲಿಲ್ಲ. ಒಳಗೊಳಗೆ ನನಗೆ ನೋವಿತ್ತು. ನಾನು ಈ ಮನೆಗೆ ಹಿಡಿಸಲಿಲ್ಲ, ಬಾಡಿಗೆಗೆ ಇದ್ದವನ ಹಾಗೆ ಇದ್ದೇನೆ ಎಂದು ಅನಿಸುತ್ತಿತ್ತು. ವೇದಾ ಹತ್ತಿರ ಹೇಳಿದರೆ ಅವಳು, "ಅಮ್ಮನ ಸ್ವಭಾವ ಹಂಗೆ ಬುಡಿ" ಎಂದು ನಕ್ಕುಬಿಡುತ್ತಿದ್ದಳು.

ಬೀರಿನ ವಿಷಯ ವೇದಾಗೆ ಹೇಳಿದಾಗಲೂ ಅವಳು ನಕ್ಕಳು. ಆಮೇಲೆ ತಾಯಿಗೆ ಹೇಳಿದಳು. ಮನೆ ಅವರದು, ಹೇಳದೆ ಮಾಡುವಂತಿರಲಿಲ್ಲ. ಆ ಸಂಜೆ ಅತ್ತೆ ಹಾಲು ಕರೆಯುತ್ತ ಗೌರಿಗೆ ಹೇಳಿದರು, "ಅದೇನ್ ಮಾಡ್ಕೊಂತಾರೋ ಹಿತ್ಲಲ್ಲಿ ಮಾಡ್ಕೊಳ್ಳಲಿ ಕಣವ್ವ. ಅಡುಗೆಮನೆ ಒಲೆ ಹತ್ರ ಮಾತ್ರ ತರ್ಬಾರ್ದು." ಬೇಡ ಎನ್ನಲಿಲ್ಲವಲ್ಲ, ಅಷ್ಟೇ ಸಾಕೆಂದು ನಾನು ಕೆಲಸ ಶುರುಮಾಡಿದೆ.

ಮೊದಲು ಬಾರ್ಲಿ ಬೇಕಿತ್ತು. ತಿಪಟೂರಿನ ದಿನಸಿ ಅಂಗಡಿಗೆ ಹೋಗಿ ಎರಡು ಕೆಜಿ ಬಾರ್ಲಿ ಕೇಳಿದೆ. ಅಂಗಡಿಯವನು ನನ್ನನ್ನು ಮೇಲೆ ಕೆಳಗೆ ನೋಡಿ, "ಕಿಡ್ನಿ ಸ್ಟೋನಾ ಸಾರ್? ಇಷ್ಟೊಂದಾ?" ಅಂದ. ಪಕ್ಕದಲ್ಲಿದ್ದ ಗಿರಾಕಿಯೊಬ್ಬರು ಬಾಳೆದಿಂಡಿನ ರಸ ಕುಡಿಯಿರಿ ಎಂದು ಸಲಹೆ ಕೊಟ್ಟರು. ಯಾವ ಕಡೆ ನೋವು, ಮೂತ್ರಕ್ಕೆ ಹೋದರೆ ಉರಿಯುತ್ತದಾ ಎಂದೆಲ್ಲ ವಿಚಾರಿಸಿದರು. ನಾನು ಎಲ್ಲದಕ್ಕೂ ಹೂಂ ಅಂದು ಬಾರ್ಲಿ ತಂದು ನೆನೆಹಾಕಿದೆ. ಅದು ಮೊಳೆಯಲಿಲ್ಲ, ಕೊಳೆತು ನಾರಿತು. ಅಂಗಡಿಯಲ್ಲಿ ಸಿಗುವ ಬಾರ್ಲಿ ಸಿಪ್ಪೆ ತೆಗೆದು ನುಣುಪು ಮಾಡಿದ್ದು, ಅದರಲ್ಲಿ ಮೊಳಕೆ ಬರುವ ಭಾಗವೇ ಉಳಿದಿರುವುದಿಲ್ಲ ಎಂದು ಆಮೇಲೆ ಗೊತ್ತಾಯಿತು.

ಸಿಪ್ಪೆ ಸಮೇತ ಬಾರ್ಲಿ ಎಲ್ಲಿ ಸಿಗುತ್ತದೆ ಎಂದು ಯೋಚಿಸುತ್ತಿರುವಾಗ ಹೋಮಕ್ಕೆ ಹಾಕುವ ಜವೆ ನೆನಪಾಯಿತು. ಜವೆ ಎಂದರೆ ಅದೇ ಬಾರ್ಲಿ. ಪೂಜೆ ಸಾಮಾನು ಮಾರುವ ಗ್ರಂಧಿಗೆ ಅಂಗಡಿಗೆ ಹೋದೆ. ಅಲ್ಲಿದ್ದ ಹಿರಿಯರು ಜವೆ ತೂಗುತ್ತ, "ಯಾವ ಹೋಮ ಇಟ್ಕೊಂಡಿದೀರಿ?" ಎಂದು ಕೇಳಿದರು. "ಸಣ್ಣದು" ಅಂದೆ. "ಸಣ್ಣ ಹೋಮಕ್ಕೆ ಎರಡು ಕೆಜಿ ಬೇಕಾಗಲ್ಲ ಕಣ್ರೀ" ಎಂದು ಅವರು ಅನುಮಾನದಿಂದ ನೋಡಿದರು. ನಾನು ಚೀಲ ಇಸಿದುಕೊಂಡು ಬೇಗ ಹೊರಟೆ.

ಈ ಸಲ ಕಾಳು ಜೀವಂತ ಇತ್ತು. ರಾತ್ರಿಯೆಲ್ಲ ನೆನೆಸಿ, ಬೆಳಿಗ್ಗೆ ದೊಡ್ಡ ತಟ್ಟೆಯಲ್ಲಿ ಹರಡಿ, ನೀರು ಚಿಮುಕಿಸಿ ಡೈರಿಗೆ ಹೋದೆ. ವಿಡಿಯೋದಲ್ಲಿ ಹಾಗೇ ಮಾಡಿದ್ದರು. ಮಾರನೆಯ ದಿನ ಬಂದು ನೋಡಿದರೆ ತಟ್ಟೆ ಖಾಲಿ. ಆಮೇಲೆ ನೋಡುತ್ತೇನೆ, ಹಿತ್ತಲ ಕಡೆಯ ಜಂತೆಗೆ ಒಂದು ಬಿಳಿ ಪಂಚೆಯ ಗಂಟು ನೇತಾಡುತ್ತಿದೆ, ಕೆಳಗೆ ನೀರು ತೊಟ್ಟಿಕ್ಕಲು ಒಂದು ಬೋಗುಣಿ. ವೇದಾ ಹೇಳಿದಳು, "ಅಮ್ಮ ಕಟ್ಟಿದ್ದು. ಹಂಗೆ ಹರಡಿದ್ರೆ ಮೊಳಕೆ ಬರಲ್ಲ, ಬೂಷ್ಟು ಬರುತ್ತೆ ಅಂದ್ರು. ಅದು ಅಪ್ಪನ ಪಂಚೆ."

ನಮ್ಮ ಕಡೆ ಮೊಳಕೆ ಕಟ್ಟುವುದು ಹೊಸ ವಿದ್ಯೆಯಲ್ಲ. ಹಾಲು ಬಿಡಿಸಿದ ಮಗುವಿಗೆ, ಕಾಯಿಲೆ ಬಿದ್ದು ಎದ್ದವರಿಗೆ ಮೊಳಕೆ ರಾಗಿಯ ಹುರಿಹಿಟ್ಟು ಪ್ರತಿ ಮನೆಯಲ್ಲೂ ಮಾಡುತ್ತಾರೆ. ನಮ್ಮೂರಿನಲ್ಲಿ ಅತ್ತೆಯ ಹುರಿಹಿಟ್ಟಿಗೆ ಹೆಸರಿತ್ತು. ಅಕ್ಕಪಕ್ಕದವರು ಮಗುವಿಗೆ ಬೇಕೆಂದರೆ ರಾಗಿ ತಂದು ಇವರ ಕೈಗೆ ಕೊಟ್ಟು ಹೋಗುತ್ತಿದ್ದರು. ಅಂಥವರು ನನ್ನ ಕೆಲಸಕ್ಕೆ ಕೈ ಹಾಕಿದ್ದು ನನಗೆ ಎಷ್ಟು ಸಂತೋಷ ಕೊಟ್ಟಿತೆಂದರೆ, ಬಾಗಿಲ ಹಿಂದೆ ಅವರು ನಿಂತಿದ್ದಾರೆಂದು ಗೊತ್ತಿದ್ದೂ ನಾನು ವೇದಾಗೆ, "ಬಹಳ ಉಪಕಾರ ಆಯ್ತು ಅಂತ ಹೇಳು" ಅಂದೆ.

ಮೊಳಕೆ ಚೆನ್ನಾಗಿ ಬಂತು. ತಾರಸಿಯ ಮೇಲೆ ಬಿಸಿಲಿಗೆ ಒಣಹಾಕಿದೆವು. ಅದರ ಪಕ್ಕದಲ್ಲೇ ಅತ್ತೆಯ ಮೊಳಕೆ ರಾಗಿಯೂ ಒಣಗುತ್ತಿತ್ತು, ಪಕ್ಕದ ಮನೆಯ ಲಲಿತಮ್ಮನ ಮೊಮ್ಮಗುವಿಗೆ ಎಂದು. ಎರಡೂ ಒಂದೇ ಬಿಸಿಲಿನಲ್ಲಿ ಒಣಗಿದವು.

ಭಾನುವಾರ ಬೀರು ಮಾಡುವುದೆಂದು ನಿಶ್ಚಯವಾಗಿತ್ತು. ಶನಿವಾರ ಡೈರಿಯಿಂದ ಬರುವಾಗ ರಸ್ತೆಗೇ ಘಮಘಮ ವಾಸನೆ ಬಂತು. ಒಳಗೆ ಬಂದರೆ ಅತ್ತೆ ಅಡುಗೆಮನೆಯಲ್ಲಿ, ಹೌದು, ಅಡುಗೆಮನೆಯಲ್ಲೇ, ದೊಡ್ಡ ಕಬ್ಬಿಣದ ಬಾಣಲೆ ತೊಳೆದಿಡುತ್ತಿದ್ದರು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು ಒಳಗೆ ಸರಿದರು. ವೇದಾ ಒಂದು ಸ್ಟೀಲ್ ಡಬ್ಬಿ ತಂದು ನನ್ನ ಮುಂದಿಟ್ಟಳು. ನನ್ನ ಬಾರ್ಲಿ. ಮೊಳಕೆಯ ಬೇರುಗಳನ್ನು ಉಜ್ಜಿ ತೆಗೆದು, ಮೊರದಲ್ಲಿ ಕೇರಿ, ಒಂದೇ ಹದದ ಕಂದು ಬಣ್ಣಕ್ಕೆ ಹುರಿದಿದ್ದರು. ಒಂದು ಕಾಳೂ ಸೀದಿರಲಿಲ್ಲ. ಬಾಯಿಗೆ ಹಾಕಿಕೊಂಡರೆ ಕಟುಂ ಎನ್ನುತ್ತಿತ್ತು.

"ಬೆಳಿಗ್ಗೆಯಿಂದ ಒಲೆ ಮುಂದೆ ಕೂತಿದ್ರು" ಅಂದಳು ವೇದಾ. "ಕೈ ಕೂಡ ಸುಟ್ಕೊಂಡ್ರು. ಮಾಡೋದು ಮಾಡ್ತಾರೆ, ಸರಿಯಾಗಿ ಮಾಡ್ಲಿ ಅಂದ್ರು."

ಕಪ್ಪು ಬಣ್ಣದ ಬೀರಿಗೆ ಹುರಿದ ಕಾಳು ಹಾಕುತ್ತಾರೆ ಎಂದು ಎಲ್ಲೋ ಓದಿದ್ದೆ. ಇದೂ ಹಾಗೇ ಇರಬೇಕು ಅಂದುಕೊಂಡೆ. ನಿಜ ಹೇಳಬೇಕೆಂದರೆ ನಾನು ಏನನ್ನೂ ಯೋಚಿಸಲಿಲ್ಲ. ಅತ್ತೆ ನನಗಾಗಿ ಕೂತು ಹುರಿದರು ಎಂಬುದೊಂದೇ ತಲೆಯಲ್ಲಿತ್ತು. ಆ ಡಬ್ಬಿಯನ್ನು ಮುಚ್ಚಿ ತೆರೆದು, ಮುಚ್ಚಿ ತೆರೆದು ವಾಸನೆ ನೋಡಿದೆ.

ಭಾನುವಾರ ಬೆಳಗಿನ ಹಾಲು ಮುಗಿಸಿ ಬರುವಷ್ಟರಲ್ಲಿ ಸಾದಿಕ್ ಬಂದಿದ್ದ. ಸಾದಿಕ್ ತಿಪಟೂರಿನಲ್ಲಿ ಫ್ರಿಜ್ಜು ರಿಪೇರಿ ಅಂಗಡಿ ಇಟ್ಟಿದ್ದಾನೆ, ನಮ್ಮ ಡೈರಿಯ ಕೂಲರ್ ಕೆಟ್ಟಾಗಲೆಲ್ಲ ಬರುವವನು, ನನಗೆ ಹಳೆಯ ಸ್ನೇಹಿತ. ಕುದಿಸಿದ ಬೀರಿನ ರಸವನ್ನು ಬೇಗ ತಣ್ಣಗೆ ಮಾಡಲು ಸುರುಳಿ ಸುತ್ತಿದ ತಾಮ್ರದ ಪೈಪು ಬೇಕಿತ್ತು, ಅದನ್ನು ಅವನಿಗೆ ಹೇಳಿದ್ದೆ. ಏನಕ್ಕೆಂದೂ ಮುಚ್ಚಿಡದೆ ಹೇಳಿದ್ದೆ. ಸಾದಿಕ್ ಕುಡಿಯುವವನಲ್ಲ, ಅವನ ಮನೆಯಲ್ಲಿ ಆ ಮಾತೂ ಬರುವಂತಿಲ್ಲ. ಅವತ್ತು ಅವನು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು ಯೋಚಿಸಿ ಕೇಳಿದ್ದ, "ಪೈಪ್ ಒಳಗೆ ಏನ್ ಹೋಗುತ್ತೆ ಅಣ್ಣ?"

"ತಣ್ಣೀರು."

"ಬೀರು?"

"ಅದು ಪೈಪಿನ ಹೊರಗೆ ಇರುತ್ತೆ."

"ಹಂಗಾದ್ರೆ ನಾನು ನೀರಿನ ಪೈಪ್ ಮಾಡಿಕೊಡ್ತೀನಿ. ಹೊರಗಡೆದು ನಿಮ್ಮ ಜವಾಬ್ದಾರಿ" ಅಂದಿದ್ದ. ಈಗ ಆ ಸುರುಳಿಯನ್ನು ಹೊಳೆಯುವಂತೆ ಉಜ್ಜಿ ತಂದಿದ್ದ. ತಂದವನು ಹೋಗಬಹುದಿತ್ತು, ಹೋಗಲಿಲ್ಲ. ಹಿತ್ತಲ ಕಟ್ಟೆಯ ಮೇಲೆ ಕೂತ.

ಬಚ್ಚಲ ಒಲೆಗೆ ತೆಂಗಿನ ಚಿಪ್ಪು ಹಾಕಿ ಬೆಂಕಿ ಮಾಡಿ, ತೊಳೆದು ಬಿಸಿನೀರು ಹಾಯಿಸಿದ ಹಾಲಿನ ಕ್ಯಾನಿನಲ್ಲಿ ನೀರು ಕಾಯಿಸಿದೆ. ಹಾಲಿನ ಥರ್ಮಾಮೀಟರು ಹಿಡಿದು ಅಳೆದು, ತರಿತರಿಯಾಗಿ ಒಡೆದ ಬಾರ್ಲಿಯನ್ನು ಸುರಿದು ಕಲಸಿದೆ. ಕುದಿಯಬಾರದು, ಆರಲೂಬಾರದು, ಕೈ ಇಟ್ಟರೆ ಚುರುಕ್ಕೆನ್ನುವಷ್ಟು ಬಿಸಿ ಒಂದು ಗಂಟೆ ನಿಲ್ಲಬೇಕು. ಆ ಹೊತ್ತಿನಲ್ಲಿ ಕಾಳಿನ ಹಿಟ್ಟೆಲ್ಲ ಕರಗಿ ಸಿಹಿಯಾಗುತ್ತದೆ. ಕ್ಯಾನನ್ನು ಒಲೆಯಿಂದ ಇಳಿಸಿ ಹಳೇ ಕಂಬಳಿ ಸುತ್ತಿ, ಮೇಲೆ ಗೋಣಿಚೀಲ ಹೊದಿಸಿದೆ. ಅತ್ತೆ ಹಿತ್ತಲ ಬಾಗಿಲಿಗೆ ಬಂದು ನಿಂತರು. ಅಷ್ಟು ಹತ್ತಿರ, ಅಷ್ಟು ಹೊತ್ತು ಅವರು ನಾನಿರುವ ಕಡೆ ನಿಂತದ್ದನ್ನು ನಾನು ಕಂಡಿರಲಿಲ್ಲ.

ಗಂಟೆ ಕಳೆದ ಮೇಲೆ ಮುಚ್ಚಳ ತೆಗೆದೆ. ಸಿಹಿಯಾಗಿದೆಯೋ ಇಲ್ಲವೋ ನೋಡಲು ಒಂದು ಉಪಾಯವಿದೆ. ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಒಂದು ತೊಟ್ಟು ಬಿಟ್ಟರೆ, ಹಿಟ್ಟು ಇನ್ನೂ ಹಿಟ್ಟಾಗಿಯೇ ಇದ್ದರೆ ಕಪ್ಪಗಾಗುತ್ತದೆ, ಸಕ್ಕರೆಯಾಗಿದ್ದರೆ ಬಣ್ಣ ಬದಲಾಗುವುದಿಲ್ಲ. ಬಿಳಿ ತಟ್ಟೆಯಲ್ಲಿ ಒಂದು ಚಮಚ ಹಾಕಿ ಟಿಂಚರ್ ಬಿಟ್ಟೆ. ಶಾಯಿ ಚೆಲ್ಲಿದ ಹಾಗೆ ಕಪ್ಪಗಾಯಿತು. ಮತ್ತೆ ಮುಚ್ಚಿ ಅರ್ಧ ಗಂಟೆ ಕಾದೆ. ಮತ್ತೆ ಕಪ್ಪು. ಸೌಟು ಹಾಕಿ ಎತ್ತಿದರೆ ಮಂದವಾಗಿ ಲೊಳಲೊಳ ಜಾರುತ್ತಿತ್ತು. ಬಾಯಿಗೆ ಹಾಕಿಕೊಂಡೆ, ಸಿಹಿಯ ಸುಳಿವಿಲ್ಲ.

ಸಾದಿಕ್ ಬಗ್ಗಿ ನೋಡಿ, "ಇದು ಗಂಜಿ ಅಲ್ವಾ ಅಣ್ಣ?" ಅಂದ.

ಫೋನು ತೆಗೆದು ಹುಡುಕಿದೆ. ಹುಡುಕಿದ ಸ್ವಲ್ಪ ಹೊತ್ತಿಗೇ ಸಿಕ್ಕಿತು. ಹಿಟ್ಟನ್ನು ಸಕ್ಕರೆ ಮಾಡುವ ಶಕ್ತಿ ಇರುವುದು ಮೊಳಕೆಯಲ್ಲಿ. ಹುರಿದರೆ ಅದು ಸತ್ತುಹೋಗುತ್ತದೆ. ಕಪ್ಪು ಬೀರಿಗೂ ಹುರಿದ ಕಾಳು ಹಾಕುವುದು ಒಂದು ಹಿಡಿ ಮಾತ್ರ, ಉಳಿದದ್ದೆಲ್ಲ ಹುರಿಯದ್ದೇ. ನನ್ನ ಕಾಳು ಅಷ್ಟೂ ಹುರಿದದ್ದು. ಹುರಿಹಿಟ್ಟಿಗೆ ಏನು ಮಾಡಬೇಕೋ ಅದನ್ನು ಅತ್ತೆ ಬೀರಿಗೆ ಮಾಡಿದ್ದರು, ಅದೂ ಯಾರೂ ಹೆಸರಿಡದ ಹಾಗೆ.

ಸಾದಿಕ್ ನನ್ನ ಭುಜದ ಮೇಲಿನಿಂದ ಫೋನು ನೋಡುತ್ತಿದ್ದ. ಅವನಿಗೂ ಅರ್ಥವಾಯಿತು. ಇಬ್ಬರೂ ಬಾಗಿಲ ಕಡೆ ನೋಡಲಿಲ್ಲ.

"ಏನಾಯ್ತಂತೆ ಕೇಳು" ಎಂದು ಅತ್ತೆ ವೇದಾಗೆ ಅಂದದ್ದು ಕೇಳಿಸಿತು.

ಬೀರು ಹಾಳಾದದ್ದು ನನಗೆ ಆಗ ದೊಡ್ಡದಾಗಿ ಕಾಣಲಿಲ್ಲ, ಇನ್ನೊಂದು ಸಲ ಮಾಡಿದರಾಯಿತು. ಆದರೆ ಇಷ್ಟು ವರ್ಷಕ್ಕೆ ಮೊದಲ ಸಲ ಆ ಹೆಂಗಸು ಬಾಗಿಲ ಹಿಂದಿನಿಂದ ಹೊಸ್ತಿಲವರೆಗೆ ಬಂದಿದ್ದರು. ನಿಮ್ಮಿಂದಲೇ ಕೆಟ್ಟಿತು ಅಂದರೆ ಮತ್ತೆ ಒಳಗೆ ಹೋಗುತ್ತಾರೆ, ಇನ್ನು ಯಾವತ್ತೂ ಹೊರಗೆ ಬರುವುದಿಲ್ಲ. ಅದು ಖಂಡಿತ ಅನಿಸಿತು.

"ನೀರು ಸರಿ ಇಲ್ಲ ಅನ್ಸುತ್ತೆ ವೇದಾ" ಅಂದೆ. "ಬೋರ್ ನೀರು ಗಡಸು. ಅದಕ್ಕೇ ಸಿಹಿ ಬರ್ತಿಲ್ಲ. ಇದನ್ನ ಗೌರಿಗೆ ಹಾಕೋಣ ಬುಡು."

ಸಾದಿಕ್ ನನ್ನ ಮುಖ ನೋಡಿದ. ಅತ್ತೆ ಬಾಗಿಲಿನಿಂದ ಒಳಗೆ ಹೋದರು. ಹೋಗಲಿ, ವಿಷಯ ಮುಗಿಯಿತು ಎಂದು ನಾನು ಒಲೆಯ ಬೆಂಕಿ ಹಿಂದಕ್ಕೆ ಎಳೆದು, ಬೀಡಿ ಸೇದುವ ಅಭ್ಯಾಸವಿದ್ದಿದ್ದರೆ ಈಗ ಒಂದು ಹಚ್ಚಬಹುದಿತ್ತು ಅಂದುಕೊಂಡು ಕೂತೆ. ವೇದಾ ಕಾಫಿ ಮಾಡಿಕೊಟ್ಟಳು. ಕಾಫಿ ಕುಡಿದು ಕ್ಯಾನು ಎತ್ತಬೇಕು ಅನ್ನುವಷ್ಟರಲ್ಲಿ ಬೇಲಿಯ ಕಡೆಯಿಂದ ಅತ್ತೆ ಬರುವುದು ಕಾಣಿಸಿತು. ಸೊಂಟದ ಮೇಲೆ ದೊಡ್ಡ ಕೊಡ. ಒಂದು ಕಾಲು ಎಳೆದುಕೊಂಡು ನಡೆಯುತ್ತಿದ್ದರು. ಅವರಿಗೆ ಮಂಡಿ ನೋವು ಬಂದು ಎಷ್ಟೋ ಕಾಲವಾಗಿತ್ತು, ನಾವು ನೀರಿನ ಕೊಡ ಮುಟ್ಟಲು ಬಿಡುತ್ತಿರಲಿಲ್ಲ. ಲಲಿತಮ್ಮನ ತೋಟದಲ್ಲಿ ಇನ್ನೂ ಒಂದು ಸೇದುವ ಬಾವಿ ಇದೆ, ಅದರ ನೀರು ಸಿಹಿ. ಅಲ್ಲಿಂದ ಸೇದಿ ತಂದಿದ್ದರು. ಕೊಡವನ್ನು ನನ್ನ ಮುಂದೆ ಕಟ್ಟೆಯ ಮೇಲೆ ಇಳಿಸಿ, ಏದುಸಿರು ಬಿಡುತ್ತ ವೇದಾಗೆ ಹೇಳಿದರು.

"ಇದು ಸೀನೀರು. ಇದ್ರಲ್ಲಿ ಮಾಡ್ಲಿ ಅನ್ನು. ಬೇಕಾದ್ರೆ ಇನ್ನೊಂದ್ ಕೊಡ ತತ್ತೀನಿ."

ಸಾದಿಕ್ ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ, "ಅಣ್ಣ, ಇನ್ನೊಂದ್ ಕೊಡ ತರಿಸಬೇಡಿ" ಅಂದ.

ನನಗೆ ನಾಚಿಕೆಯಾಯಿತು. ಎದ್ದು ನಿಂತೆ.

"ಅತ್ತೆ" ಅಂದೆ.

ವೇದಾ ತಿರುಗಿ ನೋಡಿದಳು. ಅತ್ತೆ ನೆಲ ನೋಡುತ್ತಿದ್ದರು.

"ನೀರಿಂದಲ್ಲ ಅತ್ತೆ. ನಾನು ಸುಳ್ಳು ಹೇಳಿದೆ. ಈ ಕೆಲಸಕ್ಕೆ ಕಾಳು ಹುರಿಬಾರ್ದಂತೆ. ಹುರಿದ್ರೆ ಮೊಳಕೇಲಿರೋ ಶಕ್ತಿ ಹೋಗಿಬಿಡುತ್ತೆ, ಹಿಟ್ಟು ಸಿಹಿ ಆಗಲ್ಲ. ನಂಗೂ ಈಗ್ಲೇ ಗೊತ್ತಾಗಿದ್ದು. ಹುರೀದೇ ಇರೋ ಮೊಳಕೆ ಕಾಳು ಸ್ವಲ್ಪ ಬೆರೆಸಿದ್ರೆ ಸರಿ ಹೋಗ್ಬೋದು. ತಾರಸಿ ಮೇಲೆ ನಿಮ್ಮ ರಾಗಿ ಇದೆಯಲ್ಲ, ಅದು ಒಂದಿಷ್ಟು ಬೇಕಿತ್ತು."

ಅತ್ತೆ ಅಭ್ಯಾಸಬಲದಿಂದ ವೇದಾ ಕಡೆ ತಿರುಗಿ, "ಅವ್ರಿಗೆ..." ಎಂದು ಶುರುಮಾಡಿದರು. ಅಷ್ಟಕ್ಕೇ ನಿಂತರು. ಆಮೇಲೆ ನನ್ನ ಕಡೆ ತಿರುಗಿದರು. ಅವರ ಮುಖವನ್ನು ನಾನು ಅಷ್ಟು ನೇರವಾಗಿ ನೋಡಿದ್ದು ಅವತ್ತೇ. ಕಣ್ಣಿನಲ್ಲಿ ಸಿಟ್ಟು ತುಂಬಿತ್ತು.

"ಹುರೀಬ್ಯಾಡಿ ಅಂತ ಒಂದ್ ಮಾತು ಹೇಳಕ್ಕೆ ಬಾಯಿರಲಿಲ್ವಾ ನಿಮ್ಗೆ?"

ನಾನು ಏನೋ ಹೇಳಲು ಹೋದೆ. ಅವರು ಬಿಡಲಿಲ್ಲ.

"ಈ ಮನೆಗೆ ಬಂದಾಗಿಂದ ನೋಡ್ತಾನೇ ಇದೀನಿ. ಸಾರು ಚೆನ್ನಾಗೈತೆ ಅಂತಿಲ್ಲ, ಚೆನ್ನಾಗಿಲ್ಲ ಅಂತಿಲ್ಲ. ಉಂಡ್ರಿ, ಎದ್ರಿ, ಡೈರಿಗೆ ಹೋದ್ರಿ. ನಾನು ಹೆಣ್ಣು ಕೊಟ್ಟೋಳು, ನಾನಾಗಿ ಮಾತಾಡ್ಬಾರ್ದು ಅಂತ ಸುಮ್ನಿದ್ದೆ. ನೀವು ಓದ್ದೋರು. ನಿಮ್ಗೇನಾಗಿತ್ತು? ಈ ಮುದುಕಿ ಹತ್ರ ಏನ್ ಮಾತು ಅಂತ ಅಲ್ವಾ?"

"ಇಲ್ಲ ಅತ್ತೆ. ನಿಮಗೆ ನನ್ನ ಹತ್ರ ಮಾತಾಡೋದು ಇಷ್ಟ ಇಲ್ಲ ಅಂದ್ಕೊಂಡಿದ್ದೆ."

"ಇಷ್ಟ ಇಲ್ದೆ ದಿನಾ ಕೊಟ್ಟಿಗೇಲಿ ನಿಂತ್ಕೊಂಡು ಅಷ್ಟು ಗಟ್ಟಿಯಾಗಿ ಮಾತಾಡ್ತಿದ್ನಾ? ಗೌರಿಗೆ ಕಿವುಡೇನು?"

ಸಾದಿಕ್ ತಾಮ್ರದ ಸುರುಳಿಯನ್ನು ತಿರುಗಿಸಿ ತಿರುಗಿಸಿ ಪರೀಕ್ಷಿಸತೊಡಗಿದ. ವೇದಾ ಕಾಫಿ ಲೋಟಗಳನ್ನು ಎತ್ತಿಕೊಂಡಳು, ಆದರೆ ಒಳಗೆ ಹೋಗಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಅತ್ತೆ ನನ್ನನ್ನು ಅಷ್ಟು ಹೊತ್ತು ಬೈದದ್ದು ಕೇಳಿ ನನಗೆ ಹಗುರವಾಯಿತು ಎಂದರೆ ಓದುವವರಿಗೆ ವಿಚಿತ್ರ ಅನಿಸಬಹುದು. ನಿಜವಾಗಿ ಹಗುರವಾಯಿತು.

ಅತ್ತೆ ಮಂಡಿ ಹಿಡಿದುಕೊಂಡು ತಾರಸಿಗೆ ಹೊರಟರು. "ನಾನು ತರ್ತೀನಿ" ಅಂದೆ. "ನಿಮ್ಗೆ ಗೊತ್ತಾಗಲ್ಲ, ಯಾವ್ದು ಚೆನ್ನಾಗಿ ಒಣಗೈತೆ ಅಂತ" ಎಂದು ನೇರವಾಗಿ ನನಗೇ ಹೇಳಿ ಮೆಟ್ಟಿಲು ಹತ್ತಿದರು. ಮೊರದಲ್ಲಿ ಅರ್ಧಕ್ಕೂ ಹೆಚ್ಚು ರಾಗಿ ತಂದರು. "ಲಲಿತಮ್ಮನಿಗೆ?" ಎಂದು ವೇದಾ ಕೇಳಿದಳು. "ಅವಳಿಗೆ ಇನ್ನೊಂದ್ ಸಲ ಕಟ್ಟಿಕೊಡ್ತೀನಿ ಬುಡೆ. ಮಗು ಏನ್ ಇವತ್ತೇ ಎದ್ದು ಓಡಬೇಕಾಗಿಲ್ಲ" ಅಂದರು. ಒರಳಿನಲ್ಲಿ ತರಿತರಿಯಾಗಿ ಕುಟ್ಟಿದ್ದೂ ಅವರೇ.

ಒಲೆಗೆ ಮತ್ತೆ ಚಿಪ್ಪು ಹಾಕಿದೆವು. ಆರಿದ ಗಂಜಿಯನ್ನು ಮತ್ತೆ ಹದಕ್ಕೆ ಬಿಸಿ ಮಾಡಿ, ರಾಗಿ ಬೆರೆಸಿ, ಕಂಬಳಿ ಹೊದಿಸಿ ಕೂತೆವು. ಈ ಸಲ ಅತ್ತೆಯೂ ಕಟ್ಟೆಯ ಮೇಲೆ ಕೂತರು. ಬಹಳ ಹೊತ್ತು ಏನೂ ಆಗಲಿಲ್ಲ. ಮತ್ತೆ ಟಿಂಚರ್ ಹಾಕಿದಾಗ ಕಪ್ಪು ಸ್ವಲ್ಪ ತಿಳಿಯಾದಂತೆ ಕಂಡಿತು. ಅತ್ತೆ ತಟ್ಟೆ ನೋಡುವ ಗೋಜಿಗೆ ಹೋಗದೆ ಸೌಟು ಹಾಕಿ ಎತ್ತಿದರು. "ನೀರಾಗ್ತಾ ಐತೆ" ಅಂದರು. ಊಟದ ಹೊತ್ತು ಮೀರುವಷ್ಟರಲ್ಲಿ ಆ ಲೊಳಲೊಳ ಗಂಜಿ ತಿಳಿಯಾಗಿ, ಸೌಟಿನಿಂದ ಧಾರೆಯಾಗಿ ಇಳಿಯಿತು. ಟಿಂಚರ್ ತನ್ನ ಬಣ್ಣದಲ್ಲೇ ಉಳಿಯಿತು. ಅತ್ತೆ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡಿ, ಸಾದಿಕ್‌ಗೂ ಒಂದು ಲೋಟ ಕೊಟ್ಟರು. ಅದರಲ್ಲಿ ಇನ್ನೂ ಅಮಲು ಇರಲಿಲ್ಲ, ಬರೀ ಕಾಳಿನ ಸಿಹಿ ರಸ. ಸಾದಿಕ್ ಕುಡಿದು, "ಅಮ್ಮ, ಇಲ್ಲಿಗೇ ನಿಲ್ಲಿಸಿಬಿಟ್ರೆ ನಾನು ದಿನಾ ಬತ್ತೀನಿ" ಅಂದ.

ಆಮೇಲಿನದು ಸಲೀಸಾಗಿ ಆಯಿತು. ಪನೀರ್ ಸೋಸುವ ಬಟ್ಟೆಯಲ್ಲಿ ಸೋಸಿದೆ. ಉಳಿದ ಕಾಳಿನ ಚರಟ ಗೌರಿ ತಿಂದಳು. ರಸ ಕುದಿಯಲು ಇಟ್ಟು, ಅಂಚೆಯಲ್ಲಿ ತರಿಸಿದ್ದ ಹಾಪ್ಸ್ ಎಂಬ ಹಸಿರು ಗುಳಿಗೆಗಳನ್ನು ಹಾಕಿದೆ. ಅದರಿಂದಲೇ ಬೀರಿಗೆ ಕಹಿ ಬರುವುದು. ಕಹಿ ವಾಸನೆ ಎದ್ದಾಗ ಅತ್ತೆ ಮೂಗು ಮುಚ್ಚಿಕೊಂಡು, "ಅಷ್ಟೊಂದು ಪಾಡು ಬಿದ್ದು ಸಿಹಿ ಬರ್ಸಿ, ಈಗ ಕಹಿ ಹಾಕ್ತೀರಲ್ರೀ" ಅಂದರು. ಸಾದಿಕ್ ತನ್ನ ಸುರುಳಿ ಇಳಿಸಿ, ಟ್ಯಾಂಕಿನ ನೀರು ಬಿಟ್ಟು ರಸವನ್ನು ತಣ್ಣಗೆ ಮಾಡಿಕೊಟ್ಟ. ಹಾಲಿನ ಲ್ಯಾಕ್ಟೋಮೀಟರ್ ಬಿಟ್ಟು ನೋಡಿದರೆ ಅದು ಹಾಲಿನಲ್ಲಿ ತೇಲುವುದಕ್ಕಿಂತ ಮೇಲೆ ತೇಲಿತು. ಸಿಹಿ ಸಾಕಷ್ಟಿದೆ ಎಂದು ಅರ್ಥ. ಈಸ್ಟು ಹಾಕಿ, ಗಾಳಿ ಹೊರಗೆ ಹೋಗಲು ಕೊಳವೆ ಇಟ್ಟು, ಕೊಬ್ಬರಿ ಅಟ್ಟದ ಕೆಳಗಿನ ತಂಪು ಕೋಣೆಯಲ್ಲಿ ಇಟ್ಟೆವು.

ಆ ದಿನಗಳಲ್ಲಿ ನಾನು ಡೈರಿಯಿಂದ ಬರುವುದನ್ನೇ ಅತ್ತೆ ಕಾಯುತ್ತಿದ್ದರು. "ನಿಮ್ಮದು ರಾತ್ರಿಯೆಲ್ಲ ಗುಳುಗುಳು ಅಂತಿತ್ತು", "ಇವತ್ತು ಸದ್ದು ಕಮ್ಮಿಯಾಗೈತೆ" ಎಂದು ಸುದ್ದಿ ಕೊಡುತ್ತಿದ್ದರು. ಗೌರಿಗೆ ಸುದ್ದಿ ಹೇಳುವುದು ಒಂದೇ ಸಲ ನಿಂತುಹೋಯಿತು. ನಾನೂ ಸಾರು ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನಲು ಕಲಿತೆ. ಒಂದು ದಿನ ಉಪ್ಪು ಹೆಚ್ಚಾಗಿದೆ ಅಂದುಬಿಟ್ಟೆ, ಮೂರು ಹೊತ್ತು ಬೈಸಿಕೊಂಡೆ.

ಬೀರು ಹೇಗಾಯಿತು ಎಂದು ಎಲ್ಲರೂ ಕೇಳುತ್ತಾರೆ. ಶಿವರಾತ್ರಿ ಕಳೆದ ಮೇಲೆ, ತುಂಬಿಟ್ಟಿದ್ದ ಮೊದಲ ಬಾಟಲಿ ತೆರೆದೆ. ಬಣ್ಣ ಕಾಫಿ ಡಿಕಾಕ್ಷನ್ನಿನಂತಿತ್ತು, ನೊರೆ ಹೆಚ್ಚು ನಿಲ್ಲಲಿಲ್ಲ, ಹುರಿದ ವಾಸನೆ ಜೋರಾಗಿತ್ತು, ಕೊನೆಯಲ್ಲಿ ಸ್ವಲ್ಪ ಹುಳಿ. ವೇದಾ ಒಂದು ಗುಟುಕು ಕುಡಿದು ಮುಖ ಕಿವುಚಿದಳು. ಅತ್ತೆ ಮೂಸಿ ನೋಡಿ ದೂರ ಇಟ್ಟರು. ನಾನು ಒಂದು ಲೋಟ ಪೂರ್ತಿ ಕುಡಿದೆ. ಅಂಗಡಿ ಬೀರಿನ ಪಕ್ಕದಲ್ಲಿ ಇಡುವಂಥದ್ದಲ್ಲ, ಆದರೆ ಬೀರೇ ಹೌದು. ಆ ಮೇಲೆ ಇನ್ನೂ ಎರಡು ಸಲ ಮಾಡಿದ್ದೇನೆ, ಹುರಿಯದ ಕಾಳಿನಲ್ಲಿ. ಎರಡೂ ಮೊದಲನೆಯದಕ್ಕಿಂತ ಚೆನ್ನಾಗಿ ಬಂದವು. ಅವುಗಳ ರುಚಿ ನನಗೆ ಅಷ್ಟಾಗಿ ನೆನಪಿಲ್ಲ.

ನೆನಪಿರುವುದು ಬೇರೆ. ಬಾಟಲಿ ತೆರೆದ ವಾರದಲ್ಲೇ ಇರಬೇಕು, ನಾನು ಸಂಜೆಯ ಹಾಲು ಮುಗಿಸಿ ತಿಪಟೂರಿಗೆ ಹೋಗಿದ್ದೆ. ಫೋನು ಬಂತು. ಗೊತ್ತಿಲ್ಲದ ನಂಬರು. ಎತ್ತಿದರೆ ಆ ಕಡೆ ಅತ್ತೆ. ಅವರಿಗೆ ಪೇಟೆಯಿಂದ ಏನಾದರೂ ಬೇಕಿದ್ದರೆ ವೇದಾಗೆ ಹೇಳಿ, ವೇದಾ ನನಗೆ ಫೋನು ಮಾಡುವುದು ರೂಢಿ. ಅವತ್ತು ವೇದಾ ಮಾಯಸಂದ್ರದ ನೆಂಟರ ಮನೆಗೆ ಹೋಗಿದ್ದಳು. ಅತ್ತೆ ಲಲಿತಮ್ಮನ ಫೋನು ಇಸಿದುಕೊಂಡು, ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿದ್ದ ನನ್ನ ನಂಬರನ್ನು ಒತ್ತಿಸಿದ್ದರು. ಹಲೋ ಗಿಲೋ ಏನೂ ಇಲ್ಲ. "ಬರೋವಾಗ ಅರ್ಧ ಕೆಜಿ ರವೆ ತನ್ನಿ. ಸಣ್ಣ ರವೆ. ಬೇಗ ಬನ್ನಿ, ಕತ್ತಲಾಗುತ್ತೆ" ಎಂದು ಹೇಳಿ ಇಟ್ಟುಬಿಟ್ಟರು.

ಬೇಗ ಬನ್ನಿ ಎಂದು ಆ ಮನೆಯಿಂದ ಅತ್ತೆ ನನಗೆ ಹೇಳಿದ್ದರು. ನಾನು ಬಸ್ ಸ್ಟ್ಯಾಂಡಿನ ಪಕ್ಕದ ಹೂವಿನ ಅಂಗಡಿಗಳ ಮುಂದೆ ಫೋನು ಹಿಡಿದುಕೊಂಡು ನಿಂತೇ ಇದ್ದೆ. ಹೂ ಮಾರುವಾಕೆ, "ಏನಾಯ್ತಣ್ಣ, ಮನೇಲೆಲ್ಲ ಚೆನ್ನಾಗಿದಾರಾ?" ಎಂದು ಗಾಬರಿಯಿಂದ ಕೇಳಿದಳು. "ಚೆನ್ನಾಗಿದಾರೆ ಕಣಮ್ಮ" ಅಂದೆ. "ನಮ್ಮತ್ತೆ ರವೆ ತರಕ್ಕೆ ಹೇಳಿದ್ರು."